ಅಂಬೇಡ್ಕರರನ್ನು ನೆನಪಿಟ್ಟವರು ಯಾರು?

1943ರ ಜನವರಿ 18ರಂದು ಪುಣೆಯ ಗೋಖಲೆ ಸ್ಮಾರಕ ಭವನದಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಒಂದು ಭಾಷಣ ಮಾಡಿದರು. ಅಂದು ಮಹಾದೇವ ಗೋವಿಂದ ರಾನಡೆಯವರ 101ನೆಯ ಜನ್ಮದಿನ. ರಾನಡೆ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದವರು, ಸಮಾಜ ಸುಧಾರಕರು, ತೀರಿಹೋಗಿ ಆಗಲೇ 42 ವರ್ಷವಾಗಿತ್ತು. ಅವರೇ ಕಟ್ಟಿದ್ದ ಡೆಕ್ಕನ್ ಸಭಾ ಅಂಬೇಡ್ಕರರನ್ನು ಮಾತಾಡಲು ಕರೆದಿತ್ತು.

ತೀರಿಕೊಂಡ ನಾಯಕನನ್ನು ನೆನೆಯುವ ಭಾಷಣ ಹೇಗಿರುತ್ತದೆಂದು ನಮಗೆಲ್ಲ ಗೊತ್ತು. ಇದು ಹಾಗಿರಲಿಲ್ಲ. ಅಂಬೇಡ್ಕರ್ ಶುರುವಿನಲ್ಲೇ ತಾವು ರಾನಡೆಯವರನ್ನು ಕಂಡವರಲ್ಲ ಎಂದರು. 1901ರಲ್ಲಿ ರಾನಡೆ ತೀರಿಕೊಂಡಾಗ ಅವರು ಶಾಲೆಗೆ ಹೋಗುತ್ತಿದ್ದ ಹುಡುಗ. ಶಾಲೆಗೆ ರಜೆ ಕೊಟ್ಟರು, ಹುಡುಗರಿಗೆಲ್ಲ ಖುಷಿಯಾಯಿತು, ಸತ್ತವರು ಯಾರೆಂದು ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ. ಎಷ್ಟೋ ವರ್ಷಗಳಾದ ಮೇಲೆ ತಂದೆಯ ಹಳೆಯ ಕಾಗದಗಳ ಕಟ್ಟಿನಲ್ಲಿ ಅವರಿಗೆ ಒಂದು ಮನವಿಪತ್ರ ಸಿಕ್ಕಿತು. ಮಹಾರರನ್ನು ಸೈನ್ಯಕ್ಕೆ ಸೇರಿಸಿಕೊಳ್ಳಬಾರದೆಂಬ 1892ರ ಆಜ್ಞೆಯ ವಿರುದ್ಧ ಮಹಾರ್ ಸೈನಿಕರು ಸರ್ಕಾರಕ್ಕೆ ಬರೆದ ಮನವಿ ಅದು. ವಿಚಾರಿಸಿದಾಗ, ಅದರ ಕರಡನ್ನು ಬರೆದುಕೊಟ್ಟವರು ರಾನಡೆ ಎಂದು ತಿಳಿಯಿತು. ರಜೆಯ ಕಾರಣವಾಗಿದ್ದ ಹೆಸರು ಹೀಗೆ ಒಬ್ಬ ಮನುಷ್ಯನದಾಯಿತು.

ಅದೇ ಭಾಷಣದಲ್ಲಿ ಅವರು ವೀರಪೂಜೆಯನ್ನು ಎರಡಾಗಿ ಬಿಡಿಸಿಟ್ಟರು. ಒಬ್ಬ ದೊಡ್ಡ ಮನುಷ್ಯನನ್ನು ಮನಸಾರೆ ಮೆಚ್ಚುವುದು ಒಂದು. ಅವನು ಹೇಳಿದ್ದಕ್ಕೆಲ್ಲ ಪ್ರಶ್ನೆಯಿಲ್ಲದೆ ತಲೆಬಾಗುವುದು ಇನ್ನೊಂದು. ಮೊದಲನೆಯದರಲ್ಲಿ ತಪ್ಪೇನಿಲ್ಲ, ಅದು ಒಳ್ಳೆಯದನ್ನು ಗೌರವಿಸುವುದಷ್ಟೇ. ಎರಡನೆಯದು ಮನುಷ್ಯನ ಬುದ್ಧಿಯನ್ನೇ ಕಿತ್ತುಕೊಳ್ಳುತ್ತದೆ. ಭಾಷಣದಲ್ಲಿ ಗಾಂಧಿ ಮತ್ತು ಜಿನ್ನಾ ಇಬ್ಬರನ್ನೂ ಟೀಕಿಸಿದ್ದಕ್ಕೆ ಪತ್ರಿಕೆಗಳು ಹರಿಹಾಯ್ದವು. ಪುಸ್ತಕವಾಗಿ ಬಂದಾಗ ಮುನ್ನುಡಿಯಲ್ಲಿ ಅವರು ತಾನು ವಿಗ್ರಹ ಪೂಜಿಸುವವನಲ್ಲ, ಒಡೆಯುವವನು ಎಂದು ಬರೆದರು.

ಇದು ಅಂಬೇಡ್ಕರ್ ಇನ್ನೊಬ್ಬರ ನೆನಪಿಗೆ ಹಿಡಿದ ಅಳತೆಗೋಲು. ಹದಿಮೂರು ವರ್ಷಗಳ ನಂತರ ಅವರೇ ತೀರಿಕೊಂಡರು. ಅವರ ನೆನಪಿಗೆ ಈ ಕೋಲನ್ನು ಹಿಡಿದರೆ ಏನು ಕಾಣುತ್ತದೆ?

1956ರ ಡಿಸೆಂಬರ್ 6ರ ಬೆಳಿಗ್ಗೆ ದೆಹಲಿಯ 26, ಅಲಿಪುರ ರಸ್ತೆಯ ಮನೆಯಲ್ಲಿ ಅಂಬೇಡ್ಕರ್ ನಿದ್ದೆಯಲ್ಲೇ ತೀರಿಹೋಗಿರುವುದನ್ನು ಪತ್ನಿ ಸವಿತಾ ಕಂಡರು. ಹಿಂದಿನ ರಾತ್ರಿ ‘ಬುದ್ಧ ಮತ್ತು ಅವನ ಧಮ್ಮ’ ಪುಸ್ತಕದ ಮುನ್ನುಡಿಯ ಪ್ರತಿಯನ್ನು ತಿದ್ದಲೆಂದು ಹಾಸಿಗೆಯ ಪಕ್ಕಕ್ಕೆ ತರಿಸಿಕೊಂಡಿದ್ದರು ಎಂದು ಅವರ ಕಾರ್ಯದರ್ಶಿ ನಾನಕ್ ಚಂದ್ ರತ್ತು ಬರೆದಿದ್ದಾರೆ. ಈ ಮುನ್ನುಡಿಯ ಕಥೆ ಮುಂದೆ ಬರುತ್ತದೆ.

ಅಂದಿನ ಅವರ ರಾಜಕೀಯ ಸ್ಥಿತಿ ಏನಿತ್ತು ಎಂಬುದನ್ನು ನಾವು ಮರೆತಿದ್ದೇವೆ. 1951ರಲ್ಲಿ ಕೇಂದ್ರ ಮಂತ್ರಿಮಂಡಲದಿಂದ ಹೊರಬಂದಿದ್ದರು. 1952ರ ಮೊದಲ ಲೋಕಸಭಾ ಚುನಾವಣೆಯಲ್ಲಿ ಮುಂಬೈಯಲ್ಲಿ ಸೋತರು. 1954ರಲ್ಲಿ ಭಂಡಾರಾ ಉಪಚುನಾವಣೆಯಲ್ಲೂ ಸೋತರು. ತೀರಿಕೊಂಡಾಗ ರಾಜ್ಯಸಭೆಯ ಸದಸ್ಯ, ಅಷ್ಟೇ. ಸುದ್ದಿ ಬಂದ ದಿನ ಲೋಕಸಭೆಯಲ್ಲಿ ನೆಹರೂ ಅವರನ್ನು ಹಿಂದೂ ಸಮಾಜದ ದಬ್ಬಾಳಿಕೆಯ ವಿರುದ್ಧದ ಬಂಡಾಯದ ಸಂಕೇತವೆಂದು ಕೊಂಡಾಡಿದರು. ಆಮೇಲೆ ಸರ್ಕಾರದ ಕಡೆಯಿಂದ ಬಹುಕಾಲ ಮೌನ.

ಜನ ಮಾತ್ರ ಸುಮ್ಮನಿರಲಿಲ್ಲ. ಶವವನ್ನು ವಿಮಾನದಲ್ಲಿ ರಾತ್ರೋರಾತ್ರಿ ಮುಂಬೈಗೆ ತಂದರು. ದಾದರಿನ ಹಿಂದೂ ಕಾಲನಿಯಲ್ಲಿ, ಪುಸ್ತಕಗಳಿಗೆಂದೇ ಅವರು ಕಟ್ಟಿಸಿದ್ದ ‘ರಾಜಗೃಹ’ದಲ್ಲಿ ಇಟ್ಟರು. ಡಿಸೆಂಬರ್ 7ರಂದು ದಾದರ್ ಚೌಪಾಟಿಯವರೆಗೆ ಹೋದ ಮೆರವಣಿಗೆಯಲ್ಲಿ ಲಕ್ಷಾಂತರ ಜನರಿದ್ದರು. ನಾಗಪುರದಲ್ಲಿ ಅಕ್ಟೋಬರ್ 14ರಂದು ಬೌದ್ಧ ಧರ್ಮ ಸ್ವೀಕರಿಸಿದ್ದ ಅಂಬೇಡ್ಕರ್ ಡಿಸೆಂಬರ್ 16ರಂದು ಮುಂಬೈಯಲ್ಲಿ ಅಂಥದ್ದೇ ದೀಕ್ಷೆಯ ಸಮಾರಂಭ ನಡೆಸಬೇಕಿತ್ತು. ಅದಕ್ಕೆ ಒಂಬತ್ತು ದಿನ ಮೊದಲೇ ಸಮುದ್ರದ ದಡದಲ್ಲಿ ಚಿತೆ ಸಿದ್ಧವಾಯಿತು. ಅಲ್ಲಿಯೇ ಭದಂತ ಆನಂದ ಕೌಸಲ್ಯಾಯನ ನೆರೆದ ಜನಕ್ಕೆ ದೀಕ್ಷೆ ಕೊಟ್ಟರು. ನಾಯಕನಿಗೆ ಕೊನೆಯ ನಮಸ್ಕಾರ ಹೇಳಲು ಬಂದವರು ಅವನು ಅರ್ಧಕ್ಕೆ ಬಿಟ್ಟ ಕೆಲಸವನ್ನು ಅಲ್ಲೇ ಮುಂದುವರಿಸಿ ಮನೆಗೆ ಹೋದರು. ಶ್ರದ್ಧಾಂಜಲಿ ಎಂಬ ಪದಕ್ಕೆ ಇದಕ್ಕಿಂತ ಗಟ್ಟಿಯಾದ ಅರ್ಥವನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಇಲ್ಲೊಂದು ತಾರೀಖನ್ನು ಕನ್ನಡಿಗರು ಪಕ್ಕದಲ್ಲಿಟ್ಟು ನೋಡಬೇಕು. ಭಾಷಾವಾರು ರಾಜ್ಯಗಳಾದದ್ದು 1956ರ ನವೆಂಬರ್ 1ರಂದು. ಅಂಬೇಡ್ಕರ್ ತೀರಿಕೊಂಡದ್ದು ಅದಾದ 35 ದಿನಕ್ಕೆ. ಅಂದರೆ ಅವರ ಸಾರ್ವಜನಿಕ ಬದುಕಿನ ಹೆಚ್ಚುಕಡಿಮೆ ಪೂರ್ತಿ ಕಾಲ ಬೆಳಗಾವಿ, ಧಾರವಾಡ, ವಿಜಾಪುರಗಳು ಮುಂಬೈ ಪ್ರಾಂತ್ಯದ ಭಾಗವಾಗಿದ್ದವು. 1925ರಲ್ಲಿ ಪ್ರಾಂತ್ಯದ ದಲಿತರ ಸಮ್ಮೇಳನವೊಂದು ನಿಪ್ಪಾಣಿಯಲ್ಲಿ ನಡೆದಾಗ ಅವರು ಅಲ್ಲಿಗೆ ಬಂದಿದ್ದರು. ಉತ್ತರ ಕರ್ನಾಟಕದ ಹಳೆಯ ತಲೆಗಳಿಗೆ ಅಂಬೇಡ್ಕರ್ ಬೇರೆ ರಾಜ್ಯದ ನಾಯಕರಾಗಿರಲಿಲ್ಲ. ಡಿಸೆಂಬರ್ ಮೊದಲ ವಾರ ಕಲಬುರಗಿ, ಬೀದರ್, ಬೆಳಗಾವಿ ಕಡೆಯಿಂದ ದಾದರಿಗೆ ಬರುವವರನ್ನು ಕಂಡು ‘ಇಷ್ಟು ದೂರದಿಂದ!’ ಎಂದು ಬೆರಗಾಗುವವರು ಇದನ್ನು ನೆನಪಿಡಬೇಕು. ಗೆರೆ ಎಳೆದದ್ದು ಆಮೇಲೆ.

ಸರ್ಕಾರಕ್ಕೆ ಯಾವಾಗ ನೆನಪಾಯಿತು? ಸಂಸತ್ತಿನ ಆವರಣದಲ್ಲಿ ಪ್ರತಿಮೆ ಬಂದದ್ದು 1967ರಲ್ಲಿ. ಸೆಂಟ್ರಲ್ ಹಾಲಿನಲ್ಲಿ ಭಾವಚಿತ್ರ ಮತ್ತು ಭಾರತ ರತ್ನ ಬಂದದ್ದು 1990ರಲ್ಲಿ, ಸತ್ತು 34 ವರ್ಷಗಳಾದ ಮೇಲೆ. ಅವರು ಕೊನೆಯುಸಿರೆಳೆದ ದೆಹಲಿಯ ಜಾಗದಲ್ಲಿ ರಾಷ್ಟ್ರೀಯ ಸ್ಮಾರಕ ಉದ್ಘಾಟನೆಯಾದದ್ದು 2018ರಲ್ಲಿ.

ಈ ನಡುವಿನ ವರ್ಷಗಳಲ್ಲಿ ಅವರನ್ನು ಕಾಯ್ದವರ ಬಳಿ ಅಧಿಕಾರವಿರಲಿಲ್ಲ, ದುಡ್ಡಿರಲಿಲ್ಲ. ಚಿತೆಯ ಜಾಗದಲ್ಲಿ ಇಂದು ನಾವು ನೋಡುವ ಚೈತ್ಯಭೂಮಿಯ ಸ್ತೂಪ ಎದ್ದದ್ದು ಜನರ ವಂತಿಗೆಯಿಂದ. ಮಗ ಯಶವಂತ ಅದಕ್ಕಾಗಿ ಓಡಾಡಿದರು. 1971ರ ಡಿಸೆಂಬರ್ 5ರಂದು ಸೊಸೆ ಮೀರಾಬಾಯಿ ಅದನ್ನು ಉದ್ಘಾಟಿಸಿದರು. ಮುಂಬೈಯ ಚಾಳುಗಳಲ್ಲಿ, ಮರಾಠವಾಡಾದ ಹಳ್ಳಿಗಳಲ್ಲಿ ವಾಮನದಾದಾ ಕರ್ಡಕರಂಥ ಶಾಹೀರರು ಹಾಡು ಕಟ್ಟಿ ಹಾಡಿದರು. ಓದು ಬಾರದವರಿಗೆ ಅಂಬೇಡ್ಕರರ ಜೀವನಚರಿತ್ರೆ ತಲುಪಿದ್ದು ಆ ಹಾಡುಗಳಿಂದ.

ನಾನು ಭಾಷಾಶಾಸ್ತ್ರ ಓದಿದವಳು. ಹಾಗಾಗಿ ನನ್ನ ಗಮನ ಹೋಗುವುದು ಇನ್ನೂ ಸಣ್ಣ ಸ್ಮಾರಕವೊಂದರ ಕಡೆಗೆ, ಎರಡೇ ಪದದ ‘ಜೈ ಭೀಮ್’ ಕಡೆಗೆ. ಇದನ್ನು ಬಳಕೆಗೆ ತಂದ ಶ್ರೇಯವನ್ನು ನಾಗಪುರದ ಹತ್ತಿರದ ಕಾಮಠಿಯ ಬಾಬು ಹರದಾಸ್ ಅವರಿಗೆ ಕೊಡುತ್ತಾರೆ. 1939ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ ಅವರು ತೀರಿಹೋದರು. ಅದಕ್ಕೆ ಮೊದಲು ಮಹಾರರು ಮೇಲಿನವರನ್ನು ಕಂಡಾಗ ಹೇಳಬೇಕಿದ್ದ ಮಾತು ‘ಜೋಹಾರ್’. ಅದು ಕೆಳಗಿನಿಂದ ಮೇಲಕ್ಕೆ ಮಾತ್ರ ಹೋಗುವ ಮಾತು. ಮೇಲಿನವನು ತಿರುಗಿ ‘ಜೋಹಾರ್’ ಎನ್ನುವುದಿಲ್ಲ. ನಮ್ಮ ಕಡೆಯ ‘ಅಡ್ಡಬಿದ್ದೆ ಬುದ್ಧೀ’ ಎಂಬುದಕ್ಕೂ ಇದೇ ವ್ಯಾಕರಣ. ‘ಜೈ ಭೀಮ್’ ಎಂದರೆ ಉತ್ತರವೂ ‘ಜೈ ಭೀಮ್’. ಹೇಳಿದವನು ಮತ್ತು ಕೇಳಿದವನು ಒಂದೇ ಎತ್ತರದಲ್ಲಿ ನಿಲ್ಲುತ್ತಾರೆ. ಶರಣರು ‘ಶರಣು’ ಎಂದರೆ ‘ಶರಣಾರ್ಥಿ’ ಎಂದು ಬಾಗುತ್ತಿದ್ದ ನಾಡಿನವರಿಗೆ ಇದರ ಬೆಲೆ ವಿವರಿಸಬೇಕಿಲ್ಲ. ಫೋನ್ ಎತ್ತಿದ ಕೂಡಲೇ ‘ಜೈಭೀಮ್ ಸರ್’ ಎನ್ನುವವರು ಅಂಬೇಡ್ಕರರನ್ನು ನೆನಪಿಸಿಕೊಳ್ಳುತ್ತಿಲ್ಲ, ಅವರು ಕೇಳಿದ ಸಮಾನತೆಯನ್ನು ಆ ಕ್ಷಣ ನಡೆಸಿ ತೋರಿಸುತ್ತಿದ್ದಾರೆ.

ಇನ್ನು ಕಾಗದಗಳ ಕಥೆ. ನನ್ನ ವೃತ್ತಿ ಅನುವಾದವಾದ್ದರಿಂದ ನನಗೆ ಇದೇ ಮುಖ್ಯ.

ಅಂಬೇಡ್ಕರ್ ತೀರಿಕೊಂಡಾಗ ಅಲಿಪುರ ರಸ್ತೆಯ ಮನೆಯಲ್ಲಿ ಅಚ್ಚಾಗದ ಹಸ್ತಪ್ರತಿಗಳ ರಾಶಿಯೇ ಇತ್ತು. ಉತ್ತರಾಧಿಕಾರದ ತಕರಾರಿನಿಂದಾಗಿ ಅವು ಮೊದಲು ದೆಹಲಿಯಲ್ಲಿ ಕೋರ್ಟಿನ ಸುಪರ್ದಿಗೆ, ಆಮೇಲೆ ಮಹಾರಾಷ್ಟ್ರದ ಆಡಳಿತಾಧಿಕಾರಿಯ ಸುಪರ್ದಿಗೆ ಹೋದವು. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರ ಬರಹಗಳು ವರ್ಷಗಟ್ಟಲೆ ಬೀಗ ಹಾಕಿದ ಟ್ರಂಕುಗಳಲ್ಲಿ ಬಿದ್ದಿದ್ದವು. ಅವನ್ನು ಪ್ರಕಟಿಸಿ, ಇಲ್ಲವೇ ನಮಗಾದರೂ ಬಿಡಿ ಎಂದು ನಾಗಪುರದ ವಕೀಲರೊಬ್ಬರು ಹೈಕೋರ್ಟಿಗೆ ಹೋಗಬೇಕಾಯಿತು.

ಆ ಟ್ರಂಕುಗಳನ್ನು ಬಿಡಿಸಿದವರಲ್ಲಿ ಮುಖ್ಯರಾದವರು ವಸಂತ ಮೂನ್. ನಾಗಪುರದ ದಲಿತ ವಸ್ತಿಯಲ್ಲಿ ಬೆಳೆದವರು, ಕಂದಾಯ ಇಲಾಖೆಯ ಅಧಿಕಾರಿ. ಮಹಾರಾಷ್ಟ್ರ ಸರ್ಕಾರ ಅಂಬೇಡ್ಕರರ ಬರಹ ಮತ್ತು ಭಾಷಣಗಳ ಸಂಪುಟಗಳನ್ನು ತರಲು ನಿರ್ಧರಿಸಿದಾಗ ಸಂಪಾದನೆಯ ಹೊಣೆ ಅವರಿಗೆ ಬಂತು. ಅವರು ಒಬ್ಬೊಬ್ಬ ವಾರಸುದಾರರನ್ನೂ ಕಂಡು ಒಪ್ಪಿಗೆ ಪಡೆದರು, ಪೆಟ್ಟಿಗೆಗಳನ್ನು ತೆರೆಸಿದರು, ಹಾಳೆ ಹಾಳೆ ಹೊಂದಿಸಿದರು. ಮೊದಲ ಸಂಪುಟ 1979ರಲ್ಲಿ ಬಂತು. 2002ರಲ್ಲಿ ತೀರಿಕೊಳ್ಳುವವರೆಗೂ ಮೂನ್ ಈ ಕೆಲಸ ಬಿಡಲಿಲ್ಲ. ಇಂದು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಇರುವ ಅಂಬೇಡ್ಕರ್ ಸಂಪುಟಗಳು ನಿಂತಿರುವುದು ಈ ಒಬ್ಬ ಗುಮಾಸ್ತಿಕೆಯ ಮನುಷ್ಯನ ತಾಳ್ಮೆಯ ಮೇಲೆ. ಗುಮಾಸ್ತಿಕೆ ಎಂಬ ಪದವನ್ನು ನಾನು ಗೌರವದಿಂದಲೇ ಬಳಸುತ್ತಿದ್ದೇನೆ. ನೆನಪು ಉಳಿಯುವುದು ಗುಮಾಸ್ತಿಕೆಯಿಂದ.

ಹಾಗೆಂದು ಕಾಗದಗಳು ಹೊರಬಂದ ಮಾತ್ರಕ್ಕೆ ಎಲ್ಲರೂ ಸ್ವಾಗತಿಸಲಿಲ್ಲ. 1987ರಲ್ಲಿ ನಾಲ್ಕನೆಯ ಸಂಪುಟವಾಗಿ ‘ಹಿಂದೂ ಧರ್ಮದ ಒಗಟುಗಳು’ ಬಂದಾಗ ರಾಮ ಮತ್ತು ಕೃಷ್ಣರ ಕುರಿತ ಭಾಗವನ್ನು ತೆಗೆಯಬೇಕೆಂದು ಶಿವಸೇನೆ ಪಟ್ಟು ಹಿಡಿಯಿತು. ತೆಗೆಯಬಾರದೆಂದು ದಲಿತ ಸಂಘಟನೆಗಳು ಮುಂಬೈಯಲ್ಲಿ ಭಾರೀ ಮೆರವಣಿಗೆ ನಡೆಸಿದವು. ಕೊನೆಗೆ ಒಂದು ರಾಜಿಯಾಯಿತು. ಆ ಭಾಗ ಪುಸ್ತಕದಲ್ಲಿ ಉಳಿಯಿತು. ಅದರಲ್ಲಿರುವ ಅಭಿಪ್ರಾಯಗಳಿಗೆ ಸರ್ಕಾರದ ಒಪ್ಪಿಗೆ ಇಲ್ಲವೆಂಬ ಟಿಪ್ಪಣಿಯೂ ಸೇರಿತು. ಪ್ರತಿಮೆಗೆ ಹೂಹಾರ ಹಾಕಿದ ಯಾವ ಸರ್ಕಾರವೂ ಅದರ ಕೊರಳಿಗೆ ಇಂಥ ಟಿಪ್ಪಣಿ ನೇತುಹಾಕಿಲ್ಲ. ಕಲ್ಲು ವಾದ ಮಾಡುವುದಿಲ್ಲ, ಪುಸ್ತಕ ಮಾಡುತ್ತದೆ.

ನೆನಪಿಟ್ಟುಕೊಂಡ ಜನರೂ ಕೆಲವನ್ನು ಬಿಟ್ಟುಕೊಟ್ಟರು ಎಂಬುದನ್ನು ಹೇಳದಿದ್ದರೆ ಈ ಬರಹ ಅರ್ಧವಾಗುತ್ತದೆ. ಆ ರಾತ್ರಿ ಹಾಸಿಗೆಯ ಪಕ್ಕದಲ್ಲಿದ್ದ ಮುನ್ನುಡಿಗೆ ಬರೋಣ. ಕಾಯಿಲೆಯಲ್ಲೂ ಪುಸ್ತಕ ಮುಗಿಸಲು ಸಾಧ್ಯವಾದದ್ದು ಪತ್ನಿ ಮತ್ತು ಡಾ. ಮಾಳವಣಕರ್ ಅವರ ಆರೈಕೆಯಿಂದ ಎಂದು ಅಂಬೇಡ್ಕರ್ ಅದರಲ್ಲಿ ಕೃತಜ್ಞತೆ ಹೇಳಿದ್ದರು. 1957ರಲ್ಲಿ ಪುಸ್ತಕ ಅಚ್ಚಾದಾಗ ಆ ಮುನ್ನುಡಿ ಇರಲಿಲ್ಲ. ಅದನ್ನು ಮುಂದೆ 1980ರಲ್ಲಿ ಭಗವಾನ್ ದಾಸ್ ಬೇರೆಯಾಗಿ ಪ್ರಕಟಿಸಿದರು.

ಸವಿತಾ ಹುಟ್ಟಿನಿಂದ ಬ್ರಾಹ್ಮಣರು, ವೃತ್ತಿಯಿಂದ ವೈದ್ಯೆ. 1948ರಲ್ಲಿ ಮದುವೆಯಾದಾಗ ಅಂಬೇಡ್ಕರರಿಗೆ ಮಧುಮೇಹ ಬಲವಾಗಿತ್ತು. ಅವರು ತೀರಿಕೊಂಡ ಮೇಲೆ ಕೆಲವು ಅನುಯಾಯಿಗಳು ಸವಿತಾರ ಮೇಲೆಯೇ ಅನುಮಾನಪಟ್ಟರು. ಸಾವು ಸಹಜವಾದದ್ದೆಂದು ವಿಚಾರಣೆಯಲ್ಲಿ ಹೊರಬಂದರೂ ಮಾತು ನಿಲ್ಲಲಿಲ್ಲ. ಅವರು ವರ್ಷಗಳ ಕಾಲ ಬದಿಗೆ ಸರಿದು ಬದುಕಿದರು. 1970ರ ದಶಕದಲ್ಲಿ ದಲಿತ್ ಪ್ಯಾಂಥರ್ಸ್ ಪೀಳಿಗೆಯ ಯುವಕರು ಅವರನ್ನು ಮತ್ತೆ ವೇದಿಕೆಗೆ ಕರೆತಂದರು. 1990ರಲ್ಲಿ ಭಾರತ ರತ್ನವನ್ನು ಸ್ವೀಕರಿಸಿದವರು ಅವರೇ. ನಾಯಕನನ್ನು ಕಳೆದುಕೊಂಡ ದುಃಖಕ್ಕೆ ಒಬ್ಬ ಅಪರಾಧಿ ಬೇಕಾಗುತ್ತಾನೆ, ಹಲವು ಸಲ ಆ ಅಪರಾಧಿ ಮನೆಯ ಹೆಂಗಸಾಗುತ್ತಾಳೆ. ಜಾತಿಯನ್ನು ಪ್ರಶ್ನಿಸಿದ ಚಳವಳಿಯಲ್ಲೂ ಇದು ನಡೆಯಿತು.

ನೆನಪಿಗೆ ತೆತ್ತ ಬೆಲೆಯೂ ಇದೆ, ಅದು ಜೀವಗಳಲ್ಲಿ. ಔರಂಗಾಬಾದಿನ ಮರಾಠವಾಡಾ ವಿಶ್ವವಿದ್ಯಾಲಯಕ್ಕೆ ಅಂಬೇಡ್ಕರ್ ಹೆಸರಿಡಲು ಮಹಾರಾಷ್ಟ್ರ ಶಾಸಕಾಂಗ 1978ರ ಜುಲೈಯಲ್ಲಿ ಒಪ್ಪಿತು. ಕೂಡಲೇ ಮರಾಠವಾಡಾದ ಹಳ್ಳಿಗಳಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು, ಕೊಲೆಗಳಾದವು. ಹೆಸರು ಬದಲಾದದ್ದು 1994ರ ಜನವರಿ 14ರಂದು, ಅದೂ ಹಳೆಯ ಹೆಸರನ್ನು ಒಳಗಿಟ್ಟುಕೊಂಡೇ. ಹದಿನಾರು ವರ್ಷ ಒಂದು ಬೋರ್ಡಿಗಾಗಿ. 1997ರ ಜುಲೈ 11ರಂದು ಘಾಟ್‌ಕೋಪರ್‌ನ ರಮಾಬಾಯಿ ನಗರದಲ್ಲಿ ಅಂಬೇಡ್ಕರ್ ಪ್ರತಿಮೆಗೆ ಚಪ್ಪಲಿಹಾರ ಹಾಕಿದ್ದನ್ನು ಪ್ರತಿಭಟಿಸಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹತ್ತು ಜನ ಸತ್ತರು. ಕೆಲವು ದಿನಗಳ ನಂತರ ಗಾಯಕ ವಿಲಾಸ್ ಘೋಗರೆ ಆ ನೋವಿನಲ್ಲಿ ಪ್ರಾಣ ಬಿಟ್ಟರು.

‘ಒಂದು ಪ್ರತಿಮೆಗೆ ಇಷ್ಟೊಂದು ಗಲಾಟೆಯೇ?’ ಎಂದು ಕೇಳುವವರನ್ನು ನಾನೂ ಕೇಳಿಸಿಕೊಂಡಿದ್ದೇನೆ. ಊರಿನ ಕೆರೆ, ಗುಡಿ, ಚೌಕ ಎಲ್ಲವೂ ಬೇರೆಯವರದಾಗಿದ್ದ ಕಡೆ, ನಮ್ಮದೆಂದು ಇಟ್ಟುಕೊಂಡ ಮೊದಲ ವಸ್ತು ಆ ಪ್ರತಿಮೆ. ಅದರ ಮೇಲೆ ಎಸೆದ ಚಪ್ಪಲಿ ಕಲ್ಲಿಗೆ ಬೀಳುವುದಿಲ್ಲ.

ಕರ್ನಾಟಕದಲ್ಲಿ ಈ ನೆನಪು ತನ್ನದೇ ದಾರಿ ಹಿಡಿಯಿತು. ಹೈದರಾಬಾದಿನ ಬಿ. ಶ್ಯಾಮಸುಂದರ್ 1968ರಲ್ಲಿ ಕಲಬುರಗಿಯಲ್ಲಿ ಭೀಮಸೇನೆ ಕಟ್ಟಿದರು. 1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ ಕನ್ನಡ ಸಾಹಿತ್ಯವನ್ನು ಬೂಸಾ ಎಂದದ್ದೇ ತಡ, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಅವರು ಮಂತ್ರಿ ಸ್ಥಾನ ಕಳೆದುಕೊಂಡರು. ಆ ಕಾವಿನಲ್ಲಿ ಬಿ. ಕೃಷ್ಣಪ್ಪ, ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಮುಂತಾದವರ ದಲಿತ ಸಂಘರ್ಷ ಸಮಿತಿ ಬೆಳೆಯಿತು. ಇಲ್ಲಿ ಅಂಬೇಡ್ಕರರ ನೆನಪು ಹೆಚ್ಚು ಕೂತದ್ದು ಹೋರಾಟದ ಹಾಡಿನಲ್ಲಿ ಮತ್ತು ಸಾಹಿತ್ಯದಲ್ಲಿ. ಪುಸ್ತಕ ಮಾತ್ರ ನಿಧಾನವಾಗಿ ಬಂತು. ‘ಜಾತಿ ವಿನಾಶ’ 1936ರಲ್ಲಿ ಇಂಗ್ಲಿಷಿನಲ್ಲಿ ಬಂದಾಗ ಅಚ್ಚಾದ 1500 ಪ್ರತಿಗಳು ಎರಡೇ ತಿಂಗಳಲ್ಲಿ ಖಾಲಿಯಾದವು. ಎರಡನೆಯ ಮುದ್ರಣದ ಮುನ್ನುಡಿಯಲ್ಲಿ ಅಂಬೇಡ್ಕರ್ ಅದು ಯಾವ್ಯಾವ ಭಾಷೆಗೆ ಅನುವಾದವಾಗಿದೆ, ಆಗುತ್ತಿದೆ ಎಂದು ಪಟ್ಟಿ ಕೊಟ್ಟರು: ಗುಜರಾತಿ, ತಮಿಳು, ಮರಾಠಿ, ಹಿಂದಿ, ಪಂಜಾಬಿ, ಮಲಯಾಳಂ. ಆ ಪಟ್ಟಿಯಲ್ಲಿ ಕನ್ನಡವಿಲ್ಲ.

ಅನುವಾದದ ಮಾತು ಬಂದದ್ದರಿಂದ ಕೊನೆಗೆ ಒಂದು ಪದದ ವಿಚಾರ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಪುಣೆಯ ತಮ್ಮ ಹಳೆಯ ಮಾತಿಗೆ ಮರಳಿದರು. ಧರ್ಮದಲ್ಲಿ ಭಕ್ತಿ ಆತ್ಮಕ್ಕೆ ದಾರಿಯಾಗಬಹುದು, ರಾಜಕೀಯದಲ್ಲಿ ಅದು ಅಧಃಪತನಕ್ಕೆ, ಸರ್ವಾಧಿಕಾರಕ್ಕೆ ದಾರಿ ಎಂದು ಎಚ್ಚರಿಸಿದರು. ಭಾಷಣ ಇಂಗ್ಲಿಷಿನದು, ಆದರೆ ‘ಭಕ್ತಿ’ಯನ್ನು ಅವರು ಹಾಗೆಯೇ ಬಳಸಿದರು. ಕನ್ನಡಕ್ಕೆ ತರುವಾಗ ಪದವೇನೋ ಸಿದ್ಧವಾಗಿದೆ, ಕಷ್ಟ ಶುರುವಾಗುವುದೇ ಅಲ್ಲಿ. ನಮ್ಮಲ್ಲಿ ಬಸವಣ್ಣ ಭಕ್ತಿಭಂಡಾರಿ. ಭಕ್ತಿ ಇಲ್ಲಿ ಶರಣಾಗತಿಯೂ ಹೌದು, ಜಾತಿಯ ಮೇಲಿನ ಬಂಡಾಯವೂ ಹೌದು. ಒಂದೇ ಪದದ ಎರಡು ಮುಖಗಳಲ್ಲಿ ಅಂಬೇಡ್ಕರ್ ಯಾವುದಕ್ಕೆ ಹೆದರಿದ್ದರು ಎಂಬುದು ಓದುಗನಿಗೆ ತಾನಾಗಿ ಹೊಳೆಯುವುದಿಲ್ಲ. ಅದಕ್ಕೆ ಆ ಪದದ ಹಿಂದುಮುಂದಿನ ಪುಟಗಳನ್ನೂ ಓದಬೇಕು.

ಅವರ ನೆನಪಿನ ಇಂದಿನ ಸಂಕಟವೂ ಇದೇ. ಈಗ ಎಲ್ಲ ಪಕ್ಷಗಳಿಗೂ ಅಂಬೇಡ್ಕರ್ ಬೇಕು. ಏಪ್ರಿಲ್ 14 ರಜೆ. ರಾನಡೆ ಸತ್ತ ದಿನ ಯಾರು ಸತ್ತರೆಂದು ಕೇಳದೆ ಖುಷಿಪಟ್ಟ ಹುಡುಗನ ಹೆಸರಿನಲ್ಲೇ ಇಂದು ಕೋಟ್ಯಂತರ ಮಕ್ಕಳಿಗೆ ರಜೆ ಸಿಗುತ್ತಿದೆ. ಅವರಲ್ಲಿ ಎಷ್ಟು ಜನಕ್ಕೆ ಒಂದು ದಿನ ಆ ಮನವಿಪತ್ರದಂಥ ಕಾಗದ ಸಿಗುತ್ತದೆ ಎಂಬುದೇ ಪ್ರಶ್ನೆ.

ನೀವು ಮುಂಬೈಯವರಾಗಿದ್ದರೆ ಡಿಸೆಂಬರ್ 6ರ ಸುಮಾರಿಗೆ ಶಿವಾಜಿ ಪಾರ್ಕಿನ ಕಡೆ ಹೋಗಿ ನೋಡಿ. ಚೈತ್ಯಭೂಮಿಯ ಸಾಲು ಉದ್ದವಿರುತ್ತದೆ. ಆದರೆ ಮೈದಾನದ ಪುಸ್ತಕದ ಅಂಗಡಿಗಳ ಮುಂದೆಯೂ ಜನ ಮುತ್ತಿರುತ್ತಾರೆ. ರಾತ್ರಿಯಿಡೀ ರೈಲಿನಲ್ಲಿ ಬಂದವರು, ಎರಡು ದಿನದ ಕೂಲಿ ಬಿಟ್ಟು ಬಂದವರು ತೆಳ್ಳನೆಯ ಪುಸ್ತಿಕೆಗಳನ್ನು ಆರಿಸಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಕೆಲವರಿಗೆ ಓದಲು ಬರುವುದಿಲ್ಲ, ಮನೆಯಲ್ಲಿ ಮೊಮ್ಮಗಳು ಓದುತ್ತಾಳೆಂದು ಕೊಳ್ಳುತ್ತಾರೆ. ಒಬ್ಬ ನಾಯಕನ ಪುಣ್ಯತಿಥಿ ಪುಸ್ತಕ ಕೊಳ್ಳುವ ಹಬ್ಬವೂ ಆಗಿರುವುದನ್ನು ನಾನು ಬೇರೆಲ್ಲೂ ನೋಡಿಲ್ಲ.